ಅಕ್ಕನಿಗೊಂದು ಲೆನ್ಸ್

ಬೆಳ್ತಂಗಡಿ ಪೇಟೆಯಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದ ವಿನೋದಾಳಿಗೆ ಮದುವೆಯ ಸೀಸನ್ನಿನಲ್ಲಿ ಕೂರಲು ಪುರುಸೊತ್ತು ಇರುತ್ತಿರಲಿಲ್ಲ. ತೋಡಾರಿನಿಂದ ಬಂಟ್ವಾಳದವರೆಗೆ ಬ್ಯಾರಿ ಮುಸ್ಲಿಮರ ಮನೆಯಲ್ಲಿ ಮದುವೆಯಾದರೆ ಹೆಂಗಸರ ಕಡೆಯ ಫೋಟೋಕ್ಕೆ ಹೆಂಗಸೇ ಬೇಕು. ಆ ಕೆಲಸಕ್ಕೆ ಎಲ್ಲರಿಗೂ ಮೊದಲು ನೆನಪಾಗುವ ಹೆಸರು ಅವಳದ್ದು. ಮದುಮಗಳ ಮುಖಕ್ಕೆ ಒಂದು ಲೆನ್ಸ್, ಇಕ್ಕಟ್ಟಿನ ಕೋಣೆಗೆ ಇನ್ನೊಂದು, ವೇದಿಕೆಯ ಮೇಲಿದ್ದವರನ್ನು ದೂರದಿಂದಲೇ ಹಿಡಿಯಲು ದೊಡ್ಡ ಝೂಮ್. ಈ ಮೂರನ್ನೂ ತುಂಬಿದ ಚೀಲ ಹೊತ್ತು ಹೊತ್ತು ಮೂವತ್ತೈದಕ್ಕೇ ಅವಳ ಎಡಭುಜ ಸ್ವಲ್ಪ ವಾಲಿತ್ತು.

ಅವಳ ಅಕ್ಕ ಹರಿಣಾಕ್ಷಿ ಹೈಸ್ಕೂಲಿನಲ್ಲಿ ಸಮಾಜ ಪಾಠದ ಟೀಚರ್. ವಿನೋದಾಳಿಗಿಂತ ಹನ್ನೆರಡು ವರ್ಷ ದೊಡ್ಡವಳು. ಉಜಿರೆಯಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಯ ಮನೆಯಲ್ಲಿ ಅಕ್ಕ ತಂಗಿ ಇಬ್ಬರೇ. ಇಬ್ಬರಿಗೂ ಮದುವೆಯಾಗಿರಲಿಲ್ಲ, ಅದರ ಬಗ್ಗೆ ಇಬ್ಬರಿಗೂ ದೂರು ಇರಲಿಲ್ಲ.

ಜೂನ್ ತಿಂಗಳ ಒಂದು ಸಂಜೆ ಹರಿಣಾಕ್ಷಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದವಳು ಪೆನ್ನು ಕೆಳಗಿಟ್ಟು ಹೇಳಿದಳು:

"ವಿನೂ, ಇಪ್ಪತ್ತೊಂದು ವರ್ಷದಿಂದ ಬೋರ್ಡಿನ ಮೇಲೆ ಹಿಮಾಲಯ ಬರೀತಾ ಇದ್ದೇನೆ. ಒಂದು ಸಲ ನಿಜವಾದದ್ದನ್ನು ನೋಡುವ ಅಂತ ಉಂಟು."

"ಹೋಗುವ ಅಕ್ಕ. ಒಂದು ವರ್ಷ ಕಳೀಲಿ, ಸ್ವಲ್ಪ..."

"ಇಲ್ಲ. ಈ ದಸರಾ ರಜೆಯಲ್ಲೇ ಹೋಗುವ."

ಅವಸರದ ಕಾರಣ ವಿನೋದಾಳಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಮಂಗಳೂರಿನ ಕಣ್ಣಿನ ಡಾಕ್ಟರು ಇಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದ್ದರು: ಇದು ರೆಟಿನಾದ ಕಾಯಿಲೆ, ಹುಟ್ಟಿನಿಂದಲೇ ಬಂದದ್ದು, ಮೊದಲು ಕತ್ತಲಲ್ಲಿ ಕಾಣುವುದು ಹೋಗುತ್ತದೆ, ಆಮೇಲೆ ಬದಿಗಳಿಂದ ನೋಟ ಮುಚ್ಚುತ್ತಾ ಬರುತ್ತದೆ, ಎಷ್ಟು ವೇಗದಲ್ಲಿ ಎಂದು ಯಾರೂ ಹೇಳಲಾರರು. ಅದರ ನಂತರ ಹರಿಣಾಕ್ಷಿ ಆರು ತಿಂಗಳಿಗೊಮ್ಮೆ ಒಬ್ಬಳೇ ಹೋಗಿ ತೋರಿಸಿಕೊಂಡು ಬರುತ್ತಿದ್ದಳು. ಏನೆಂದರು ಎಂದು ಕೇಳಿದರೆ "ಹಾಗೇ ಉಂಟಂತೆ" ಎನ್ನುತ್ತಿದ್ದಳು. ಕತ್ತಲಾದ ಮೇಲೆ ಅಂಗಳಕ್ಕಿಳಿಯುತ್ತಿರಲಿಲ್ಲ, ಪೇಟೆಯ ಗೌಜಿಯಲ್ಲಿ ತಂಗಿಯ ಮೊಣಕೈ ಹಿಡಿದುಕೊಳ್ಳುತ್ತಿದ್ದಳು. ಅಷ್ಟೇ ಎಂದು ವಿನೋದಾ ನಂಬಿದ್ದಳು.

ಹಿಮಾಲಯದ ಸಾಲು ಅಂಗಳದಲ್ಲಿ ನಿಂತರೇ ಕಾಣುವ ಕೌಸಾನಿ ಎಂಬ ಊರನ್ನು ಹರಿಣಾಕ್ಷಿಯೇ ಹುಡುಕಿದಳು. ಟಿಕೆಟ್ ಆಯಿತು, ಉಣ್ಣೆಯ ಟೋಪಿ ಆಯಿತು. ಉಳಿದದ್ದು ಕ್ಯಾಮೆರಾದ ಮಾತು.

ಬಿ.ಸಿ.ರೋಡಿನಲ್ಲಿ, ಬಸ್ಸುಗಳ ಗಲಾಟೆಯ ಮೇಲಿನ ಮಾಳಿಗೆಯಲ್ಲಿ ಇಬ್ರಾಹಿಂ ಖಲೀಲನ ಕ್ಯಾಮೆರಾ ಅಂಗಡಿ. ಜಿದ್ದಾದಲ್ಲಿ ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿ ಊರಿಗೆ ಬಂದವನು. ವಿನೋದಾಳಿಗೆ ಮೊದಲ ಮದುವೆ ಕೆಲಸ ಕೊಡಿಸಿದವನೂ ಅವನೇ.

"ಖಲೀಲಣ್ಣ, ನನಗೆ ಒಂದು ಲೆನ್ಸ್ ಬೇಕು. ಒಂದೇ. ಹದಿನೈದು ದಿನದ ಪ್ರವಾಸ."

"ನಿನ್ನ ಹತ್ರ ಮೂರು ಉಂಟಲ್ಲ? ಕೊಂಡುಹೋಗು. ಚೀಲ ಹೊರುವುದು ನಿನಗೆ ಹೊಸತಾ?"

"ಹೊರುವುದಲ್ಲ ಕಷ್ಟ. ಲೆನ್ಸ್ ಬದಲಿಸಲಿಕ್ಕೆ ಎರಡು ಕೈ ಬೇಕು. ನನಗಿರುವುದು ಒಂದು. ಇನ್ನೊಂದು ಅಕ್ಕನಿಗೆ."

ಗಾಜಿನ ಕಪಾಟು ಒರೆಸುತ್ತಿದ್ದ ಖಲೀಲ್ ಬಟ್ಟೆ ಕೆಳಗಿಟ್ಟ. ಹರಿಣಾಕ್ಷಿ ಟೀಚರ ಕಣ್ಣಿನ ವಿಷಯ ಅವನಿಗೆ ಗೊತ್ತಿತ್ತು. ಒಳಗಿನಿಂದ ಒಂದು ಲೆನ್ಸ್ ತಂದು ಅವಳ ಮುಂದಿಟ್ಟ.

"ಹಾಗಾದ್ರೆ ಇದು. ಇಪ್ಪತ್ತೆಂಟರಿಂದ ಇನ್ನೂರು ಮಿಲಿಮೀಟರ್. ಹತ್ತಿರದ್ದೂ ಬರ್ತದೆ, ದೂರದ್ದೂ ಬರ್ತದೆ. ಹೊರಗೆ ತಿರುಗಲಿಕ್ಕೆ ಹೋಗುವವರೆಲ್ಲ ಕೇಳುವುದು ಇದನ್ನೇ. ಕ್ಯಾಮೆರಾಕ್ಕೆ ಒಮ್ಮೆ ಹಾಕಿದ್ರೆ ಮನೆಗೆ ಬರುವವರೆಗೆ ಬಿಚ್ಚುವ ಕೆಲಸ ಇಲ್ಲ."

"ಅದು ಯಾವುದು, ಮೂಲೆಯಲ್ಲಿ?"

"ಅದು ದುಬೈಯಿಂದ ಬಂದ ಹಾರಿಸ್ ಮಾರಲಿಕ್ಕೆ ಇಟ್ಟು ಹೋದದ್ದು. ಇಪ್ಪತ್ತರಿಂದ ಎಪ್ಪತ್ತು. ಅಗಲ ಭಾರೀ ಹಿಡೀತದೆ, ಚಿತ್ರವೂ ಚೊಕ್ಕ. ಆದ್ರೆ ದೂರಕ್ಕೆ ಎಂತದೂ ಇಲ್ಲ. ಬೆಟ್ಟ ನೋಡ್ಲಿಕ್ಕೆ ಹೋಗುವವಳು ಅದನ್ನು ತಕ್ಕೊಂಡು ಎಂತ ಮಾಡ್ತಿ?"

ವಿನೋದಾಳಿಗೂ ಖಲೀಲನ ಮಾತೇ ಸರಿ ಕಂಡಿತು. ಕಣ್ಣು ಮಂಜಾದ ಅಕ್ಕನಿಗೆ ದೂರದ ಶಿಖರವನ್ನು ಹತ್ತಿರಕ್ಕೆ ಎಳೆದು ಕ್ಯಾಮೆರಾದ ಪರದೆಯ ಮೇಲೆ ತೋರಿಸಬೇಕು. ಅದಕ್ಕೆ ಬೇಕಾದದ್ದು ಝೂಮ್. ಖಲೀಲ್ ಹಣದ ಮಾತು ಎತ್ತದೆ, "ಭಾನುವಾರ ಹಾಕಿ ನೋಡು, ಆಮೇಲೆ ಹೇಳು" ಎಂದು ಲೆನ್ಸನ್ನು ಹಾಗೆಯೇ ಕೊಟ್ಟು ಕಳಿಸಿದ.

ಭಾನುವಾರ ತೋಡಾರಿನ ಒಂದು ಮನೆಗೆ ಮದುವೆಯ ಆಲ್ಬಮ್ ತಲುಪಿಸಲಿಕ್ಕಿತ್ತು. ವಿನೋದಾ ಅಕ್ಕನನ್ನೂ ಹೊರಡಿಸಿಕೊಂಡು ವೇಣೂರಿನ ದಾರಿಯ ಬಸ್ಸು ಹಿಡಿದಳು. ಆಲ್ಬಮ್ ಕೊಟ್ಟು, ಆ ಮನೆಯವರು ಒತ್ತಾಯ ಮಾಡಿ ಕೊಟ್ಟ ನಿಂಬೆ ಶರಬತ್ತು ಕುಡಿದು, ಮೂಡುಬಿದಿರೆಗೆ ಹಿಂದಿರುಗಿ ಸಾವಿರ ಕಂಬದ ಬಸದಿಗೆ ಬಂದರು. ಹರಿಣಾಕ್ಷಿ ಕಾಲೇಜು ಓದಿದ್ದು ಇದೇ ಊರಿನಲ್ಲಿ. ಲೆನ್ಸ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ ಎಂದು ಅವಳೇ ಹೇಳಿದ್ದಳು.

ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ವಿನೋದಾ ಅಂಗಳದಲ್ಲಿ ನಿಂತು, ಬಸದಿಯ ಇಳಿಜಾರು ಮಾಡಿನ ಕೆಳಗಿನ ಮರದ ಕೆತ್ತನೆಯನ್ನು ಝೂಮಿನಲ್ಲಿ ಎಳೆದು ತೆಗೆದಳು. ಪರದೆಗೆ ಬಿಸಿಲು ಹೊಡೆಯದಂತೆ ಶಾಲು ಅಡ್ಡ ಹಿಡಿದು ತೋರಿಸಿದಳು. "ಚೆಂದ ಉಂಟು" ಎಂದಳು ಹರಿಣಾಕ್ಷಿ. ಕಂಬದ ತಲೆಯ ಹೂವು ತೆಗೆದಳು. "ಇದೂ ಚೆಂದ ಉಂಟು." ಮಕ್ಕಳ ಕೆಟ್ಟ ಅಕ್ಷರವನ್ನು ಬೈಯಲು ಮನಸ್ಸಿಲ್ಲದಾಗ ಅಕ್ಕ ಇದೇ ದನಿಯಲ್ಲಿ ಮಾತಾಡುತ್ತಾಳೆಂದು ವಿನೋದಾಳಿಗೆ ಗೊತ್ತಿತ್ತು.

ಆಮೇಲೆ ಅಭ್ಯಾಸಕ್ಕೆಂದು ಲೆನ್ಸನ್ನು ಪೂರ್ತಿ ಅಗಲಕ್ಕೆ ತಿರುಗಿಸಿ ಎದುರಿಗೆ ಒಂದು ಚಿತ್ರ ಕ್ಲಿಕ್ಕಿಸಿದಳು. ಮಾನಸ್ತಂಭದ ಅರ್ಧ, ಮೆಟ್ಟಿಲು, ಬಸದಿಯ ಒಂದು ಬದಿ. ಹರಿಣಾಕ್ಷಿ ಅದನ್ನು ನೋಡಿದವಳೇ ಕ್ಯಾಮೆರಾವನ್ನು ತಂಗಿಯ ಕೈಯಿಂದ ತೆಗೆದುಕೊಂಡು, ಮುಖದಿಂದ ದೂರಕ್ಕೆ, ಕೈ ಚಾಚಿ ಹಿಡಿದಳು.

"ಇನ್ನೂ ಸ್ವಲ್ಪ ಹಿಂದೆ ಹೋಗಿ ತೆಗಿ."

ವಿನೋದಾ ಹತ್ತು ಹೆಜ್ಜೆ ಹಿಂದೆ ಹೋದಳು.

"ಇನ್ನೂ ಹಿಂದೆ."

"ಹಿಂದೆ ಗೋಡೆ ಉಂಟು ಅಕ್ಕ!"

ಕಲ್ಲಿನ ಗೋಡೆಗೆ ಬೆನ್ನು ಒತ್ತಿ ನಿಂತರೂ ಕಂಬದ ತುದಿ ಚಿತ್ರದೊಳಗೆ ಬರಲಿಲ್ಲ, ಎಡಬದಿ ತುಂಡಾಗುತ್ತಿತ್ತು. ಕೊನೆಗೆ ವಿನೋದಾ ಫೋನು ತೆಗೆದು, ಅದರ ಅತಿ ಅಗಲದ ಕಣ್ಣಿನಿಂದ ಒಂದು ಚಿತ್ರ ತೆಗೆದು ಕೊಟ್ಟಳು. ಅದರಲ್ಲಿ ಎಲ್ಲ ಇತ್ತು: ಬುಡದಿಂದ ತುದಿಯವರೆಗೆ ಮಾನಸ್ತಂಭ, ಅದರ ಹಿಂದೆ ಮೂರು ಅಂತಸ್ತಿನ ಮಾಡು, ಎರಡೂ ಬದಿ, ಮೇಲೆ ಮೋಡ.

ಹರಿಣಾಕ್ಷಿ ಫೋನನ್ನು ಕೈ ಚಾಚಿ ಹಿಡಿದು ನಿಂತೇ ಇದ್ದಳು. ಹೊರಗೆ ಯಾರೋ ರಿಕ್ಷಾದವನ ಜೊತೆ ಜಗಳವಾಡುತ್ತಿದ್ದರು. ಅವಳು ಮೆಲ್ಲಗೆ ಹೇಳಿದಳು:

"ಪೂರ್ತಿ ಕಾಣ್ತದೆ ವಿನೂ."

"ಎಂತ?"

"ಬಸದಿ. ಪೂರ್ತಿ. ಒಂದು ವಸ್ತುವನ್ನು ಪೂರ್ತಿ ನೋಡದೆ ಎಷ್ಟು ಸಮಯ ಆಯ್ತು ಗೊತ್ತುಂಟಾ."

ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಗೋಳಿಬಜೆಯ ತಟ್ಟೆ ಮುಂದಿಟ್ಟುಕೊಂಡು ಅವಳು ಎಲ್ಲವನ್ನೂ ಹೇಳಿದಳು. ಮಂಜು ಅಲ್ಲ ಅದು. ನಡುವಿನದ್ದು ಇವತ್ತಿಗೂ ಸ್ಪಷ್ಟ ಕಾಣುತ್ತದೆ, ಸೂಜಿಗೆ ನೂಲು ಪೋಣಿಸಬಹುದು. ಆದರೆ ಸುತ್ತಲಿನದ್ದು ಇಲ್ಲ. ಕಾಗದ ಸುರುಳಿ ಮಾಡಿ ಅದರೊಳಗಿನಿಂದ ನೋಡಿದ ಹಾಗೆ. ತರಗತಿಯಲ್ಲಿ ಒಂದು ಸಲಕ್ಕೆ ಒಬ್ಬ ಹುಡುಗ ಮಾತ್ರ. ಅವನ ಬದಿಯವನು ಕೈ ಎತ್ತಿದರೆ ಕಾಣುವುದಿಲ್ಲ. ಬೋರ್ಡಿನಲ್ಲಿ ನಕ್ಷೆ ಬರೆಯುವುದು ಕೈಯ ಅಭ್ಯಾಸದ ಬಲದಿಂದ. ಕಾಶ್ಮೀರ ಬರೆಯುವಾಗ ಅಸ್ಸಾಂ ಎಲ್ಲಿದೆ ಎಂದು ತಲೆ ತಿರುಗಿಸಿ ಹುಡುಕಬೇಕು. ಝೂಮಿನಲ್ಲಿ ಎಳೆದ ಹೂವು ಅವಳಿಗೆ ಬೇಡ. ಅವಳ ಕಣ್ಣು ಹಗಲಿಡೀ ಮಾಡುತ್ತಿರುವುದು ಅದನ್ನೇ. ಅಗಲದ ಚಿತ್ರ ಸಣ್ಣ ಪರದೆಯೊಳಗೆ ಇಳಿದು ಬಂದರೆ ಆ ಸುರುಳಿಯೊಳಗೆ ಪೂರ್ತಿ ಹಿಡಿಯುತ್ತದೆ.

ವಿನೋದಾ ಕೈಯಲ್ಲಿದ್ದ ಬಜೆಯನ್ನು ತಟ್ಟೆಗೆ ಹಾಕಿದಳು.

"ಮೂರು ವರ್ಷ ನನ್ನ ಹತ್ರ ಸುಳ್ಳು ಹೇಳಿದ್ಯಾ?"

"ಸುಳ್ಳು ಹೇಳಲಿಲ್ಲ. ಪೂರ್ತಿ ಹೇಳಲಿಲ್ಲ."

"ಎಂತಕ್ಕೆ? ನಾನು ಎಂತ ಮಾಡ್ತೇನೆ ಅಂತ ನಿನ್ನ ಲೆಕ್ಕ?"

"ಮದುವೆ ಕೆಲಸ ಬಿಟ್ಟು ಮನೆಯಲ್ಲಿ ಕೂರ್ತಿ. ಅದೇ ಮಾಡ್ತಿ ನೀನು. ಕಳೆದ ವರ್ಷ ನನಗೆ ಜ್ವರ ಬಂದಾಗ ಪುತ್ತೂರಿನ ಮದುವೆ ಬಿಟ್ಟೆ. ನನಗೆ ಗೊತ್ತಾಗಲಿಲ್ಲ ಅಂತ ಮಾಡಿದ್ದೀಯಾ?"

ವಿನೋದಾಳಿಗೆ ಸಿಟ್ಟು ಬಂದಿತ್ತು, ಆದರೆ ಅಳುವೂ ಅದರ ಬೆನ್ನಿಗೇ ಬಂತು. ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಳು. ಹರಿಣಾಕ್ಷಿ ಮೇಜಿನ ಮೇಲೆ ಕೈ ಸರಿಸುತ್ತಾ ತಂಗಿಯ ಕೈ ಹುಡುಕಿದಳು. ತಗುಲಿದ್ದು ಚಟ್ನಿಯ ಬಟ್ಟಲು.

"ನಿನ್ನ ಕೈ ಎಲ್ಲುಂಟು ಮಾರಾಯ್ತಿ?"

ವಿನೋದಾ ಕೈ ಕೊಟ್ಟಳು. ಇಬ್ಬರ ಬೆರಳಿಗೂ ಚಟ್ನಿಯಾಯಿತು.

ಎದ್ದು ಹೊರಡುವಾಗ ಹರಿಣಾಕ್ಷಿ, "ಲೆನ್ಸ್ ಎಂತಕ್ಕೆ, ಫೋನು ಸಾಕಲ್ಲ?" ಎಂದಳು.

"ಸಾಕಾಗುವುದಿಲ್ಲ. ಫೋನಿನ ಚಿತ್ರ ನೋಡ್ಲಿಕ್ಕೆ ಚೆಂದ, ಎಳೆದು ದೊಡ್ಡದು ಮಾಡಿದ್ರೆ ಗಂಜಿಯಾಗ್ತದೆ. ಮೊದಲು ಪೂರ್ತಿ ನೋಡು, ಆಮೇಲೆ ಬೇಕಾದ ತುಂಡನ್ನು ದೊಡ್ಡದು ಮಾಡಿ ನೋಡು. ಹಾಗಿರ್ಬೇಕು ನಿನಗೆ," ಎಂದಳು ವಿನೋದಾ. ಹೇಳುವಾಗಲೇ ಯಾವ ಲೆನ್ಸ್ ಎಂಬುದು ಅವಳ ತಲೆಯಲ್ಲಿ ನಿಶ್ಚಯವಾಗಿತ್ತು.

ಸೋಮವಾರ ಖಲೀಲನ ಅಂಗಡಿಗೆ ಹೋಗಿ ಅವಳು ಅವನು ಕೊಟ್ಟ ಲೆನ್ಸ್ ವಾಪಸ್ ಇಟ್ಟಳು. ಜೊತೆಗೆ ತನ್ನ ದೊಡ್ಡ ಝೂಮನ್ನೂ ಇಟ್ಟಳು.

"ಹಾರಿಸನ ಲೆನ್ಸ್ ಕೊಡಿ. ಬದಲಿಗೆ ಇದನ್ನು ಇಟ್ಟುಕೊಳ್ಳಿ."

ಖಲೀಲನಿಗೆ ಅರ್ಥವಾಗಲಿಲ್ಲ. ವಿನೋದಾ ಮೂಡುಬಿದಿರೆಯ ಸಂಗತಿ ಹೇಳಿದಳು. ಅವನು ಹಾಳೆಯೊಂದನ್ನು ಸುರುಳಿ ಮಾಡಿ ಒಂದು ಕಣ್ಣಿಗೆ ಹಿಡಿದು, ಇನ್ನೊಂದನ್ನು ಮುಚ್ಚಿ, ತನ್ನ ಅಂಗಡಿಯನ್ನೇ ನೋಡಿದ. ಕಿಟಕಿಯ ಹತ್ತಿರ ಹೋಗಿ ಕೆಳಗಿನ ಬಸ್ಸುಗಳನ್ನು ನೋಡಿದ. ತಿರುಗುವಾಗ ಸ್ಟೂಲಿಗೆ ಕಾಲು ತಾಗಿತು.

"ಟೀಚರ್ ಹೀಗೆಯೇ ದಿನಾ ರಸ್ತೆ ದಾಟುವುದಾ?" ಎಂದ. ಆಮೇಲೆ, "ನಾನು ಜಿದ್ದಾದಲ್ಲಿ ಹದಿನಾಲ್ಕು ವರ್ಷ, ಇಲ್ಲಿ ಇಷ್ಟು ವರ್ಷ ಲೆನ್ಸ್ ಮಾರಿದೆ. ಎಲ್ಲಿಗೆ ಹೋಗ್ತೀರಿ ಅಂತ ಕೇಳಿದೆ. ಯಾರಿಗೆ ತೋರಿಸ್ಲಿಕ್ಕೆ ಅಂತ ಒಬ್ಬರ ಹತ್ರವೂ ಕೇಳಲಿಲ್ಲ" ಎಂದು ಕಪಾಟಿನಿಂದ ಲೆನ್ಸ್ ತೆಗೆದು, ಗಾಜನ್ನು ತಾನೇ ಒರೆಸಿ, ಅವಳ ಕ್ಯಾಮೆರಾಕ್ಕೆ ಹಾಕಿಕೊಟ್ಟ. "ಸೀಸನ್ನಿಗೆ ಝೂಮ್ ಬೇಕಾದ್ರೆ ಬಂದು ಕೊಂಡುಹೋಗು. ಇಲ್ಲೇ ಇರ್ತದೆ."

ಅಕ್ಟೋಬರಿನಲ್ಲಿ ಹೊರಟರು. ದೆಹಲಿಗೆ ಎರಡು ರಾತ್ರಿಯ ರೈಲು, ಅಲ್ಲಿಂದ ಕಾಠಗೋದಾಮಿಗೆ ಇನ್ನೊಂದು, ಆಮೇಲೆ ತಿರುವು ತಿರುವಿನ ಜೀಪು. ದಾರಿಯುದ್ದಕ್ಕೂ ವಿನೋದಾಳ ಎಡಗೈ ಅಕ್ಕನದ್ದು, ಬಲಗೈ ಕ್ಯಾಮೆರಾದ್ದು. ರತ್ನಾಗಿರಿಯ ಬಳಿ ಹೊಳೆ, ದೆಹಲಿಯ ಸ್ಟೇಷನ್ನಿನಲ್ಲಿ ಕೆಂಪು ಅಂಗಿಯ ಕೂಲಿಗಳು, ದಾರಿಬದಿಯ ಆಲೂಗಡ್ಡೆ ರಾಶಿ, ಹೀಗೆ ಒಂದೊಂದು ಜಾಗ ಬಂದಾಗಲೂ ತೆಗೆದು ತೋರಿಸುವುದು. ಹರಿಣಾಕ್ಷಿ ಕೈ ಚಾಚಿ ನೋಡಿ, ಆಮೇಲೆ ತಲೆಯೆತ್ತಿ ಆ ಜಾಗವನ್ನೇ ನೋಡುತ್ತಿದ್ದಳು.

ಕೌಸಾನಿಯಲ್ಲಿ ಮೊದಲ ಎರಡು ದಿನ ಮೋಡ. ಎದುರಿಗೆ ಬಿಳಿ ಗೋಡೆ ಕಟ್ಟಿದ ಹಾಗೆ. ಉಳಿದ ಪ್ರವಾಸಿಗರು ಗೊಣಗುತ್ತಾ ಹೊರಟುಹೋದರು. ಹರಿಣಾಕ್ಷಿ ಮಾತ್ರ ಟೋಪಿ ಹಾಕಿಕೊಂಡು ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದಳು, ಹಾಜರಿ ಕರೆಯಲು ಕಾಯುವವಳಂತೆ.

ಮೂರನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಬಿಸಿಲು ಚೆನ್ನಾಗಿ ಏರುವವರೆಗೆ ವಿನೋದಾ ಅಕ್ಕನನ್ನು ಎಬ್ಬಿಸಲಿಲ್ಲ. ಮಬ್ಬಿನಲ್ಲಿ ಅವಳಿಗೆ ಕಾಣುವುದಿಲ್ಲ. ಆಮೇಲೆ ಕೈ ಹಿಡಿದು ತಂದು ಅಂಗಳದ ಅಂಚಿನ ಕಟ್ಟೆಯ ಬಳಿ ನಿಲ್ಲಿಸಿದಳು. ಎದುರಿಗೆ ಈ ತುದಿಯಿಂದ ಆ ತುದಿಯವರೆಗೆ ಹಿಮ.

ಹರಿಣಾಕ್ಷಿ ಗಲ್ಲ ಎತ್ತಿ ಮೆಲ್ಲನೆ ತಲೆ ತಿರುಗಿಸಿದಳು.

"ಒಂದು ಬಿಳಿ ತುಂಡು ಕಾಣ್ತದೆ... ಹೋಯ್ತು. ಇನ್ನೊಂದು ಬಂತು. ಇದು ಈಗಷ್ಟೇ ನೋಡಿದ್ದಾ, ಬೇರೆಯಾ?"

ಅವಳ ದನಿ ಸಣ್ಣಗಾಯಿತು. ವಿನೋದಾ ಲೆನ್ಸನ್ನು ಪೂರ್ತಿ ಅಗಲಕ್ಕೆ ತಿರುಗಿಸಿ, ಉಸಿರು ಹಿಡಿದು ಚಿತ್ರ ತೆಗೆದಳು. ಪರದೆ ನೋಡಿದಳು. ಅಷ್ಟು ದೊಡ್ಡ ಪರ್ವತಗಳು ಕೇರುವ ಗೆರಸೆಯ ಅಂಚಿಗೆ ಸರಿದ ಅಕ್ಕಿಕಾಳುಗಳಷ್ಟಾಗಿದ್ದವು. ತಾನು ತಂದದ್ದು ತಪ್ಪು ಲೆನ್ಸು ಎಂದುಕೊಂಡು, ಅಳುಕುತ್ತಲೇ ಕ್ಯಾಮೆರಾ ಕೊಟ್ಟು ಶಾಲು ಅಡ್ಡ ಹಿಡಿದಳು.

ಹರಿಣಾಕ್ಷಿ ಕೈ ಚಾಚಿದಳು. ತುಟಿ ಅಲುಗತೊಡಗಿತು. ಅವಳು ಎಣಿಸುತ್ತಿದ್ದಳು.

"ಎಡಗಡೆ ದೂರದಲ್ಲಿ ಚೌಖಂಬಾ. ಇದು ತ್ರಿಶೂಲ್, ಮೂರು ತುದಿ ನೋಡು. ಅದರ ಬಲಕ್ಕೆ, ಸ್ವಲ್ಪ ಹಿಂದೆ ನಿಂತದ್ದು ನಂದಾದೇವಿ. ಆಮೇಲೆ ನಂದಾಕೋಟ್. ಕೊನೆಗೆ ಈ ಐದು, ಪಂಚಚೂಲಿ. ಎಲ್ಲರೂ ಇದ್ದಾರೆ ವಿನೂ, ಒಬ್ಬರೂ ರಜೆ ಇಲ್ಲ!"

ಕ್ಯಾಮೆರಾವನ್ನು ತಂಗಿಗೆ ಕೊಟ್ಟು ಅವಳು ಮತ್ತೆ ತಲೆಯೆತ್ತಿದಳು. ಈ ಸಲ ಕಣ್ಣು ಅಲೆಯಲಿಲ್ಲ. ಮೊದಲು ತ್ರಿಶೂಲವನ್ನು ಹಿಡಿದಳು. ಅಲ್ಲಿಂದ ಬಲಕ್ಕೆ, ಬೋರ್ಡಿನ ಮೇಲೆ ಅಳೆಯುವಂತೆ ಎರಡು ಬೆರಳು ಚಾಚಿ ಅಳೆದು, ನೋಟವನ್ನು ಅಷ್ಟೇ ದೂರ ಸರಿಸಿ ನಿಲ್ಲಿಸಿದಳು.

"ಸಿಕ್ಕಿತು," ಎಂದಳು. "ನಂದಾದೇವಿ ಸಿಕ್ಕಿತು. ಚಿತ್ರದಲ್ಲಿ ಅಲ್ಲ. ನನ್ನ ಕಣ್ಣಿಗೆ."

ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನೂರಾರು ಮದುಮಕ್ಕಳ ಕಣ್ಣೀರನ್ನು ಬಿಡದೆ ಹಿಡಿದ ವಿನೋದಾ ಆಗ ಕ್ಯಾಮೆರಾವನ್ನು ಬೆನ್ನ ಹಿಂದೆ ಹಿಡಿದುಕೊಂಡು ಸುಮ್ಮನೆ ಪಕ್ಕದಲ್ಲಿ ನಿಂತಳು.

ಅಂಗಳದ ಇನ್ನೊಂದು ಬದಿಯಲ್ಲಿ ಪುಣೆಯ ಪ್ರವಾಸಿಯೊಬ್ಬ ಮೊಳದುದ್ದದ ಲೆನ್ಸ್ ಇಟ್ಟುಕೊಂಡಿದ್ದ. ಒಳ್ಳೆಯ ಮನುಷ್ಯ. ಇವರನ್ನು ಕರೆದು, ಪರದೆ ತುಂಬ ನಂದಾದೇವಿಯ ತುದಿ, ಅದರ ಮೇಲೆ ಗಾಳಿಗೆ ಹಾರುವ ಹಿಮದ ಪುಡಿ ಎಲ್ಲವನ್ನೂ ತೋರಿಸಿದ. ಹರಿಣಾಕ್ಷಿ ಹಿಂದಿಯಲ್ಲಿ ಉಪಚಾರದ ಮಾತಾಡಿ ಈಚೆ ಬಂದವಳು ತಂಗಿಗೆ ತುಳುವಿನಲ್ಲಿ ಪಿಸುಗುಟ್ಟಿದಳು, ಚೆಂದ ಇದೆ, ಆದರೆ ಅದು ಯಾವ ಊರಿನ ಗುಡ್ಡವೂ ಆಗಿರಬಹುದು ಎಂದು.

ಆಮೇಲೆ ಅವಳಿಗೊಂದು ಹುರುಪು ಬಂತು.

"ನೀನು ಅಲ್ಲಿ ನಿಲ್ಲು. ನಾನು ನಿನ್ನದೊಂದು ತೆಗೀತೇನೆ. ಯಾವ ಗುಂಡಿ ಒತ್ತಬೇಕು ಹೇಳು."

ವಿನೋದಾ ಕಟ್ಟೆಯ ಬಳಿ ಹೋಗಿ ನಿಂತಳು. ತನ್ನ ಫೋಟೋ ತೆಗೆಸಿಕೊಂಡು ಎಷ್ಟೋ ವರ್ಷವಾಗಿತ್ತು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹರಿಣಾಕ್ಷಿ ಕ್ಲಿಕ್ಕಿಸಿ, ಕ್ಯಾಮೆರಾ ದೂರ ಹಿಡಿದು ನೋಡಿದಳು. ಹಿಮದ ಸಾಲು, ಅದರ ಮುಂದೆ ಬೆರಳುದ್ದದ ತಂಗಿ, ತಲೆಯಿಂದ ಪಾದದವರೆಗೆ.

"ಎಂಥ ಅವಸ್ಥೆ ಇದು! ಈ ಚಳಿಗೆ ಬರೀ ಹವಾಯಿ ಚಪ್ಪಲಿಯಾ? ಮೂರು ದಿನದಿಂದ ಹೀಗೆಯೇ ತಿರುಗ್ತಾ ಇದ್ದೀಯಾ? ಒಳಗೆ ಹೋಗಿ ಕಾಲುಚೀಲ ಹಾಕು, ಹೋಗು!"

ವಿನೋದಾ ನಗುತ್ತಾ ಒಳಗೆ ಓಡಿದಳು. ಕಾಲುಚೀಲ ಹಾಕಿ, ಎರಡು ಲೋಟ ಚಹಾ ಹಿಡಿದು ಬಂದಾಗ ಹರಿಣಾಕ್ಷಿ ಕಟ್ಟೆಯ ಮೇಲೆ ಕೂತು ಬಿಸಿಲಿಗೆ ಮೈ ಕಾಯಿಸುತ್ತಿದ್ದಳು.

"ರಜೆ ಮುಗಿದ ಕೂಡಲೇ ಹೆಡ್‌ಮಾಸ್ಟ್ರಿಗೆ ಹೇಳ್ತೇನೆ," ಎಂದಳು. "ಅಡಗಿಸಿ ಅಡಗಿಸಿ ಸಾಕಾಯ್ತು. ನೀನೂ ಒಂದು ಮಾತು ಕೊಡ್ಬೇಕು. ಡಿಸೆಂಬರಿನಲ್ಲಿ ಕಾರ್ಕಳದ್ದು ಎರಡು ದಿನದ ಮದುವೆ ಬಂದಿತ್ತಲ್ಲ, ಬೇಡ ಅಂತ ಹೇಳಿದ್ದಿ. ಅದನ್ನು ಒಪ್ಪಿಕೊ."

"ನಿನಗೆ ಹೇಗೆ ಗೊತ್ತು?"

"ಕಣ್ಣಿಗೆ ತೊಂದರೆ, ಕಿವಿಗೆ ಎಂತ ಆಗಿದೆ?"

ವಿನೋದಾ ಚಹಾ ಕುಡಿದು ಮುಗಿಸುವವರೆಗೆ ಯೋಚಿಸಿದಳು. ಆಮೇಲೆ "ಆಯ್ತು" ಎಂದಳು.

ಊರಿಗೆ ಬಂದ ಮೇಲೆ ಹರಿಣಾಕ್ಷಿ ಮಾತು ಉಳಿಸಿಕೊಂಡಳು. ಹೆಡ್‌ಮಾಸ್ತರರು ಮೇಲಿನ ಮಹಡಿಯ ತರಗತಿಗಳನ್ನು ಕೆಳಗೆ ಬದಲಿಸಿಕೊಟ್ಟರು. ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿಯಲು ಅವಳು ಪ್ರತಿ ಶನಿವಾರ ಮಧ್ಯಾಹ್ನ ಮಂಗಳೂರಿಗೆ ಹೋಗತೊಡಗಿದಳು.

ಡಿಸೆಂಬರಿನಲ್ಲಿ ವಿನೋದಾ ಕಾರ್ಕಳಕ್ಕೆ ಹೋದಳು. ಮೊದಲ ದಿನ ಸಂಜೆ, ಮದುಮಗಳಿಗೆ ಮೆಹಂದಿ ಹಚ್ಚುತ್ತಿರುವಾಗ ಮನೆಗೆ ಫೋನು ಮಾಡಿದಳು. ಅಕ್ಕ ಎತ್ತಲಿಲ್ಲ. ಗಾಬರಿಯಾಗಿ ಮತ್ತೆ ಮಾಡಿದಳು. ನಾಲ್ಕನೆಯ ಸಲಕ್ಕೆ ಹರಿಣಾಕ್ಷಿಯ ದನಿ ಕೇಳಿಸಿತು, ಹಿಂದೆ ಒಗ್ಗರಣೆಯ ಚಟಪಟ.

"ಸಾಸಿವೆ ಸಿಡೀತಾ ಉಂಟು ಮಾರಾಯ್ತಿ, ಈಗ ಮಾತಾಡ್ಲಿಕ್ಕೆ ಪುರುಸೊತ್ತಿಲ್ಲ. ನೀನು ಮದುಮಗಳನ್ನು ನೋಡು," ಎಂದು ಫೋನು ಇಟ್ಟುಬಿಟ್ಟಳು.